ಗ್ರಿಜ್ಲಿ ಕರಡಿಯ ರಕ್ಷಣೆ: ಸಾರ್ವಜನಿಕ ಅಭಿಪ್ರಾಯ ಮತ್ತು ಕಾಯಿದೆ

ಕನ್ನಡದಲ್ಲಿ ಕರಡಿಯೆಂದೂ ಮರಾಠಿಯಲ್ಲಿ ಅಸ್ವಲವೆಂದೂ ನಾವು ಕರೆಯುವ ಪ್ರಾಣಿ ಗೆದ್ದಲು ತಿನ್ನುವ, ಕಪ್ಪು ಕೂದಲಿನ, ನಮ್ಮ ಕುರುಚಲು ಕಾಡಿನ ಜೀವಿ. ಉತ್ತರ ಅಮೆರಿಕದ ಗ್ರಿಜ್ಲಿ ಅದಕ್ಕಿಂತ ಬಹಳ ದೊಡ್ಡದಾದ ಕಂದು ಕರಡಿಯ ಒಂದು ಉಪಜಾತಿ. ರೋಮಗಳ ತುದಿ ಬೆಳ್ಳಗಿರುವುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ನರೆತದ್ದು’ ಎಂಬರ್ಥದ ಹೆಸರು ಬಂದಿತು. ಆದರೆ 1815ರಲ್ಲಿ ಜಾರ್ಜ್ ಆರ್ಡ್ ಎಂಬ ಪ್ರಾಣಿಶಾಸ್ತ್ರಜ್ಞನು ಶಾಸ್ತ್ರೀಯ ನಾಮವನ್ನು ಕೊಡುವಾಗ ‘ಭಯಂಕರ’ ಎಂಬರ್ಥದ ‘ಹಾರಿಬಿಲಿಸ್’ ಎಂಬ ಲ್ಯಾಟಿನ್ ಪದವನ್ನು ಆರಿಸಿದನು. ಹೆಸರೊಂದರಿಂದಲೇ ಪ್ರಾಣಿ ನಾಶವಾಗುವುದಿಲ್ಲ. ಆದರೆ ಕೊಲ್ಲಲು ಹೊರಟವರಿಗೆ ಆ ಹೆಸರು ಅನುಕೂಲವಾಗಿಯೇ ಇತ್ತು.

ಅಲಾಸ್ಕವನ್ನು ಬಿಟ್ಟು ಉಳಿದ ಸಂಯುಕ್ತ ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸುಮಾರು 50,000 ಗ್ರಿಜ್ಲಿಗಳಿದ್ದವೆಂದು ಅಂದಾಜು. ಬಂದೂಕು, ಬೋನು, ವಿಷಗಳಿಗೆ ಬಲಿಯಾಗಿ 1975ರ ಹೊತ್ತಿಗೆ ಉಳಿದವು 700-800. ಕ್ಯಾಲಿಫೋರ್ನಿಯದ ಧ್ವಜದ ಮೇಲೆ ಇಂದಿಗೂ ಗ್ರಿಜ್ಲಿಯ ಚಿತ್ರವಿದೆ. ಆ ರಾಜ್ಯದ ಕಾಡುಗಳಿಂದ ಮಾತ್ರ ಅದು 1920ರ ದಶಕದಲ್ಲಿಯೇ ಮರೆಯಾಯಿತು. ಸಂತತಿ ಚೇತರಿಸಿಕೊಳ್ಳುವುದು ಬಲು ನಿಧಾನ. ಹೆಣ್ಣು ಕರಡಿ ಐದಾರು ವರ್ಷ ತುಂಬಿದ ಮೇಲೆ ಮರಿ ಹಾಕುತ್ತದೆ; ಮರಿಗಳು ಎರಡು ಮೂರು ವರ್ಷ ತಾಯಿಯ ಜೊತೆಗಿರುವುದರಿಂದ ಅಷ್ಟು ಕಾಲ ಮತ್ತೊಂದು ಹೆರಿಗೆಯಿಲ್ಲ.

1973ರ ಅಳಿವಿನಂಚಿನ ಜೀವಿಗಳ ಕಾಯಿದೆಯಡಿ 1975ರಲ್ಲಿ ಗ್ರಿಜ್ಲಿಗೆ ರಕ್ಷಣೆ ದೊರೆಯಿತು. ಈ ಕಾಯಿದೆಯ ಎರಡು ಅಂಶಗಳನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ರಕ್ಷಿತ ಪಟ್ಟಿಯಿಂದ ಪ್ರಾಣಿಯೊಂದನ್ನು ತೆಗೆಯುವ ಮುನ್ನ ಸರ್ಕಾರವು ಕರಡು ನಿಯಮವನ್ನು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳಿ, ಮುಖ್ಯ ಆಕ್ಷೇಪಗಳಿಗೆ ಉತ್ತರ ಕೊಡಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಯಾವ ನಾಗರಿಕನಾದರೂ ನ್ಯಾಯಾಲಯಕ್ಕೆ ಹೋಗಬಹುದು. ಹೀಗಾಗಿ ಅಲ್ಲಿ ಜನರ ಪತ್ರವು ಬರಿಯ ಮೊರೆಯಾಗಿ ಉಳಿಯದೆ ಮೊಕದ್ದಮೆಯ ದಾಖಲೆಯಾಗುತ್ತದೆ.

2007ರಲ್ಲಿ ಯೆಲೋಸ್ಟೋನ್ ಪ್ರದೇಶದ ಕರಡಿಗಳನ್ನು ಪಟ್ಟಿಯಿಂದ ಕೈಬಿಟ್ಟಾಗ ವಾದವು ಒಂದು ಮರದ ಸುತ್ತ ನಡೆಯಿತು. ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಬಿಳಿತೊಗಟೆಯ ಪೈನ್ ಮರದ ಕಾಯಿಗಳನ್ನು ಅಳಿಲುಗಳು ಕೂಡಿಡುತ್ತವೆ. ಚಳಿಗಾಲದ ನಿದ್ರೆಗೆ ಮುನ್ನ ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕಾದ ಕರಡಿ ಆ ಕಣಜವನ್ನು ಅಗೆದು ಬೀಜ ತಿನ್ನುತ್ತದೆ. ಚಳಿಗಾಲದ ಕಡುಚಳಿ ತಗ್ಗಿದ್ದರಿಂದ ತೊಗಟೆ ಕೊರೆಯುವ ದುಂಬಿಗಳು ಹೆಚ್ಚಿ ಆ ಮರಗಳು ಒಣಗತೊಡಗಿದ್ದವು. ಕಾಯಿ ಬಿಡದ ವರ್ಷ ಕರಡಿ ಆಹಾರ ಹುಡುಕುತ್ತ ತಗ್ಗಿಗೆ ಇಳಿದು ಮನುಷ್ಯನಿಗೆ ಎದುರಾಗಿ ಸಾಯುತ್ತದೆ. ಇದನ್ನು ಸರಿಯಾಗಿ ಪರಿಗಣಿಸಿಲ್ಲವೆಂದು ನ್ಯಾಯಾಲಯವು 2009ರಲ್ಲಿ ರಕ್ಷಣೆಯನ್ನು ಮರಳಿಸಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಈ ಅಂಶವನ್ನು ಒಪ್ಪಿತು. ಮರ, ಅಳಿಲು, ದುಂಬಿಗಳ ಇಂಥ ಸಂಬಂಧವನ್ನು ನ್ಯಾಯಾಧೀಶರ ಮುಂದೆ ಬಿಡಿಸಿಟ್ಟ ಬಗೆ ನನಗೆ ಘೋಷಣೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಸರ್ಕಾರ ಮತ್ತೆ 2017ರಲ್ಲಿ ಪಟ್ಟಿಯಿಂದ ತೆಗೆಯಿತು. ಅದಕ್ಕೆ ಮುನ್ನ ಆರು ಲಕ್ಷಕ್ಕೂ ಮಿಕ್ಕಿ ಅಭಿಪ್ರಾಯಗಳು ಬಂದಿದ್ದವು. ವಯೋಮಿಂಗ್ ರಾಜ್ಯವು 2018ರಲ್ಲಿ 22 ಕರಡಿಗಳವರೆಗೆ ಬೇಟೆಗೆ ಅನುಮತಿಯಿತ್ತು ಚೀಟಿ ಎತ್ತಿ ಪರವಾನಗಿ ಹಂಚಿತು. ಆಗ ಜ್ಯಾಕ್ಸನ್ ಊರಿನ ಕೆಲವು ಮಹಿಳೆಯರು ಒಂದು ಜಾಣ ಉಪಾಯ ಹೂಡಿದರು: ಕೊಲ್ಲುವ ಮನಸ್ಸಿಲ್ಲದವರೇ ಶುಲ್ಕ ಕಟ್ಟಿ ಅರ್ಜಿ ಹಾಕುವುದು. ಯೆಲೋಸ್ಟೋನಿಗೆ ಹತ್ತಿರದ ವಲಯದಲ್ಲಿ ಒಬ್ಬೊಬ್ಬರಿಗೆ ಹತ್ತು ದಿನಗಳ ಸರದಿ; ಆ ದಿನಗಳನ್ನು ಕ್ಯಾಮೆರಾ ಹಿಡಿದು ಕಳೆದರೆ ಅಷ್ಟು ದಿನ ಬಂದೂಕಿಗೆ ಬಿಡುವು. ಜೇನ್ ಗುಡಾಲ್ ಕೂಡ ಅರ್ಜಿ ಹಾಕಿದರು. ಛಾಯಾಗ್ರಾಹಕ ಥಾಮಸ್ ಮ್ಯಾಂಗಲ್ಸನ್ ಅವರಿಗೆ ಪರವಾನಗಿಯೇ ಸಿಕ್ಕಿತು. ಅವರ ಸರದಿ ಬರಲಿಲ್ಲ. ಕ್ರೋ ಬುಡಕಟ್ಟು ಮೊದಲಾದವರು ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಡಾನಾ ಕ್ರಿಸ್ಟೆನ್ಸನ್ ಅವರು ಬೇಟೆ ಆರಂಭವಾಗಲು ಎರಡು ದಿನವಿರುವಾಗ ತಡೆಯಾಜ್ಞೆ ನೀಡಿದರು. ಸೆಪ್ಟೆಂಬರ್ 24ರಂದು ರಕ್ಷಣೆ ಮರಳಿತು. ಯೆಲೋಸ್ಟೋನ್ ಕರಡಿಗಳು ಉತ್ತರದ ಕರಡಿಗಳೊಡನೆ ಬೆರೆಯದಿದ್ದರೆ ವಂಶಬಲ ಕುಗ್ಗುವುದೆಂಬ ಸಂಗತಿಯನ್ನು ಇಲಾಖೆ ಹಗುರವಾಗಿ ಕಂಡಿತೆಂಬುದು ತೀರ್ಪಿನ ಒಂದು ಮುಖ್ಯ ಕಾರಣ.

ವಯೋಮಿಂಗಿನ ಒಟ್ಟು ಜನಸಂಖ್ಯೆ ಆರು ಲಕ್ಷದೊಳಗೆ. ಕಳೆದುಕೊಳ್ಳುವ ಕರು ನಮ್ಮದು, ತೀರ್ಮಾನ ದೂರದವರದು ಎಂಬ ಅಲ್ಲಿನ ದನಗಾರರ ದೂರಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಕೆಲವು ಸಂಘಟನೆಗಳು ಅದನ್ನು ಅರಿತಿವೆ. ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್ ಸಂಸ್ಥೆಯು ಕೋಳಿಗೂಡು, ಜೇನುಪೆಟ್ಟಿಗೆಗಳ ಸುತ್ತ ವಿದ್ಯುತ್ ಬೇಲಿ ಹಾಕಿಸುವವರಿಗೆ ಖರ್ಚಿನಲ್ಲಿ ಪಾಲು ಕೊಡುತ್ತದೆ.

ಗ್ರ್ಯಾಂಡ್ ಟೀಟನ್ ಪ್ರದೇಶದಲ್ಲಿ ರಸ್ತೆಯಂಚಿನಲ್ಲಿಯೇ ಮರಿಗಳನ್ನು ಸಾಕಿ ಜಗತ್ಪ್ರಸಿದ್ಧವಾಗಿದ್ದ 399 ಎಂಬ ಸಂಖ್ಯೆಯ ಹೆಣ್ಣು ಕರಡಿ 2024ರ ಅಕ್ಟೋಬರ್ 22ರಂದು ವಾಹನವೊಂದಕ್ಕೆ ಸಿಕ್ಕಿ ಸತ್ತಿತು. ಅದಕ್ಕೆ 28 ವರ್ಷ. ಬೇಟೆಯ ತಡೆಯಾಜ್ಞೆ ಹೆದ್ದಾರಿಗೆ ಅನ್ವಯಿಸುವುದಿಲ್ಲ. ಕೆನಡದ ಬ್ಯಾನ್ಫ್ ಉದ್ಯಾನದಲ್ಲಿ ಹೆದ್ದಾರಿಗೆ ಅಡ್ಡಲಾಗಿ ಮಣ್ಣು, ಗಿಡಗಳನ್ನು ಹೊದಿಸಿದ ಸೇತುವೆಗಳಿವೆ; ಗ್ರಿಜ್ಲಿಗಳು ಅವುಗಳ ಮೇಲೆಯೇ ಮರಿಗಳೊಡನೆ ದಾಟುತ್ತವೆ.