ವಿಜಯಾ ದಬ್ಬೆ: ಹೋರಾಟದ ನೆರಳಲ್ಲಿ ಮರೆಯಾದ ಕವಿ

ಅರಕಲಗೂಡು ಎಂದರೆ ಅನಕೃ, ಚನ್ನರಾಯಪಟ್ಟಣ ಎಂದರೆ ಸಂತೇಶಿವರದ ಭೈರಪ್ಪ, ಹಾಸನ ಎಂದರೆ ಗೊರೂರು. 2025ರ ಅಂತರರಾಷ್ಟ್ರೀಯ ಬೂಕರ್ ನಂತರ ಬಾನು ಮುಷ್ತಾಕ್. ಹಾಸನ ಜಿಲ್ಲೆಯ ಸಾಹಿತ್ಯದ ಮಾತು ಬಂದಾಗ ಮೊದಲು ನೆನಪಾಗುವುದೆಲ್ಲ ಕತೆ, ಕಾದಂಬರಿ, ಪ್ರಬಂಧ. ಬೇಲೂರು ತಾಲ್ಲೂಕಿನ ದಬ್ಬೆಯ ವಿಜಯಾ ದಬ್ಬೆ (1951–2018) ಅವರ ಹೆಸರು ಬಂದರೂ ಸ್ತ್ರೀವಾದಿ ಚಿಂತಕಿ, ಮೈಸೂರಿನಲ್ಲಿ ಸಮತಾ ವೇದಿಕೆ ಎಂಬ ಮಹಿಳಾ ಸಂಘಟನೆ ಕಟ್ಟಿದವರು ಎಂದು ಹೇಳಿ ಮುಂದೆ ಹೋಗುತ್ತೇವೆ. ಅದು ದೊಡ್ಡ ಕೆಲಸವೇ. ಆದರೆ ಆ ಹಿರಿಮೆಯ ಮರೆಯಲ್ಲಿ ಕವಿ ಕಾಣದೆ ಹೋಗಿರುವುದು ನೋವಿನ ಸಂಗತಿ.

ಅವರ ಕವನ ಸಂಕಲನಗಳಲ್ಲಿ ‘ಇರುತ್ತವೆ’ 1975ರಲ್ಲಿ, ‘ನೀರು ಲೋಹದ ಚಿಂತೆ’ 1985ರಲ್ಲಿ, ‘ತಿರುಗಿ ನಿಂತ ಪ್ರಶ್ನೆ’ 1995ರಲ್ಲಿ ಬಂದವು. ಹತ್ತು ವರ್ಷಕ್ಕೊಂದು ಸಂಕಲನ! ಇಷ್ಟು ತಾಳ್ಮೆಯ ಕವಿಗಳು ನಮ್ಮಲ್ಲಿ ಕಡಿಮೆ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ದನಿ ಬದಲಾಗುತ್ತ ಹೋಗುವುದು ಕೇಳಿಸುತ್ತದೆ. ಮೊದಲಲ್ಲಿ ನವ್ಯದ ಅಂತರ್ಮುಖತೆ, ತನ್ನೊಳಗೇ ಆಡಿಕೊಳ್ಳುವ ಮಾತು. ಬರುಬರುತ್ತ ಎದುರಿಗೆ ಒಬ್ಬರು ಬಂದು ಕೂರುತ್ತಾರೆ, ಅವರು ಉತ್ತರ ಕೊಡಲೇಬೇಕು. ನವ್ಯರ ಎಷ್ಟೋ ಕವಿತೆಗಳಲ್ಲಿ ಹೆಣ್ಣು ಗಂಡಸಿನ ತಳಮಳಕ್ಕೊಂದು ಪ್ರತಿಮೆ. ಇಲ್ಲಿ ಅವಳೇ ಮಾತಾಡುವವಳು. ಮನೆ, ದುಡಿಮೆ, ದಾಂಪತ್ಯ ಎಲ್ಲವನ್ನೂ ಅವಳು ತನ್ನ ಕಣ್ಣಿಂದಲೇ ತೂಗುತ್ತಾಳೆ.

ಶೈಲಿಯ ಬಗ್ಗೆ ಇನ್ನಷ್ಟು ಹೇಳಬೇಕು. ದಬ್ಬೆಯವರು ಹಳಗನ್ನಡ ಕವಿ ನಾಗಚಂದ್ರನ ಕುರಿತು ಸಂಶೋಧನೆ ಮಾಡಿದವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಕಲಿಸಿದವರು. ಹಳಗನ್ನಡದ ಕಂದ, ವೃತ್ತಗಳಲ್ಲಿ ಪಳಗಿದ ಆ ವಿದ್ವತ್ತನ್ನು ಅವರು ಕವಿತೆಯ ಮೇಲೆ ಹೇರಲಿಲ್ಲ. ಪದಗಳು ಆಡುಮಾತಿನವು, ದನಿ ತಗ್ಗಿದ್ದು. ಸಿಟ್ಟು ಇದ್ದಲ್ಲೂ ಅದು ಘೋಷಣೆಯಾಗುವುದಿಲ್ಲ, ಪ್ರಶ್ನೆಯಾಗುತ್ತದೆ. ಹಳಗನ್ನಡ ಅವರಿಗೆ ಕೊಟ್ಟದ್ದು ಶಬ್ದಭಂಡಾರವನ್ನಲ್ಲ, ಬಿಗಿಯನ್ನು ಎಂದೇ ನನ್ನ ನಂಬಿಕೆ. ಇದನ್ನು ಗುರುತಿಸದೆ ‘ಸ್ತ್ರೀವಾದಿ ಕಾವ್ಯ’ ಎಂಬ ಚೀಟಿ ಅಂಟಿಸಿಬಿಟ್ಟರೆ ಅವರ ಕಸುಬಿಗೆ ಅನ್ಯಾಯ.

1999ರಲ್ಲಿ ಅವರಿಗಾದ ಅಪಘಾತ ಆ ಬರವಣಿಗೆಯನ್ನು ನಡುವಿನಲ್ಲೇ ತಡೆಯಿತು. ಆಗ ಅವರಿಗೆ ಐವತ್ತೂ ತುಂಬಿರಲಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳ ಕನ್ನಡ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಈ ಕವಿತೆಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಕವಿತೆಯ ವಸ್ತು ಯಾವುದು ಎಂದು ಕೇಳುವ ಮೊದಲು, ಸಾಲು ಎಲ್ಲಿ ಮುರಿದಿದೆ, ಅಲ್ಲೇ ಯಾಕೆ ಮುರಿದಿದೆ ಎಂದು ಮಕ್ಕಳನ್ನು ಕೇಳಿ.