ಕಂಪಾಸ್ ಪೆಟ್ಟಿಗೆಯಲ್ಲೊಂದು ಆಂಪ್ಲಿಫೈಯರ್



ನಿಮ್ಮ ಹೈಸ್ಕೂಲು ದಿನಗಳ ತಗಡಿನ ಕಂಪಾಸ್ ಪೆಟ್ಟಿಗೆ ಮನೆಯ ಮೂಲೆಯಲ್ಲೆಲ್ಲೋ ಇದೆಯೇ? ಇದ್ದರೆ ಎಸೆಯಬೇಡಿ. ಹೆಡ್‌ಫೋನಿಗೆ ಬೇಕಾದ ಪುಟ್ಟ ಆಂಪ್ಲಿಫೈಯರೊಂದನ್ನು ಅದರೊಳಗೇ ಕೂರಿಸಬಹುದು. 1990ರ ದಶಕದ ಕೊನೆಯಲ್ಲಿ ಚು ಮೊಯ್ ಎಂಬುವರು ಪ್ರಕಟಿಸಿದ ಸರಳ ಮಂಡಲವನ್ನು ಹಲವು ದೇಶಗಳ ಹವ್ಯಾಸಿಗಳು ಪೆಪ್ಪರ್‌ಮಿಂಟಿನ ಖಾಲಿ ಡಬ್ಬಿಗಳಲ್ಲಿ ಕಟ್ಟಿದರು. ‘ಸಿಮೊಯ್’ ಎಂದೇ ಅದು ಹೆಸರಾಯಿತು.

ಆಂಪ್ಲಿಫೈಯರ್ ಏಕೆ ಬೇಕು? ಲೆಕ್ಕ ಹಾಕಿ ನೋಡೋಣ. ಶಕ್ತಿಯನ್ನು ರೋಧದಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟೇಜು ಸಿಗುತ್ತದೆ. 32 ಓಮ್‌ನ ಹೆಡ್‌ಫೋನಿಗೆ 1 ಮಿಲಿವಾಟ್ ಕೊಡಲು ಸುಮಾರು 0.18 ವೋಲ್ಟ್ ಸಾಕು. 300 ಓಮ್‌ನದಕ್ಕೆ 0.55 ವೋಲ್ಟ್, ಅಂದರೆ ಮೂರು ಪಟ್ಟು ಬೇಕು. ಚಿಕ್ಕ ಉಪಕರಣಗಳು ಸೋಲುವುದು ಇಲ್ಲಿಯೇ.

ಮಂಡಲದ ಹೃದಯ ‘ಓಪಿಎ2134’ ಎಂಬ ಎಂಟು ಕಾಲುಗಳ ಐ.ಸಿ. ಅದರಲ್ಲಿ ಎರಡು ಆಂಪ್ಲಿಫೈಯರುಗಳಿವೆ, ಎಡಗಿವಿಗೊಂದು, ಬಲಗಿವಿಗೊಂದು. 10 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೋಧಕಗಳ ಜೋಡಿ ಅದರ ವರ್ಧನೆಯನ್ನು ನಿರ್ಧರಿಸುತ್ತದೆ: ಹತ್ತನ್ನು ಒಂದರಿಂದ ಭಾಗಿಸಿ ಒಂದು ಕೂಡಿದರೆ 11 ಪಟ್ಟು. 1ರ ಬದಲು 2.2 ಕಿಲೋ ಓಮ್ ಹಾಕಿದರೆ ಐದೂವರೆ ಪಟ್ಟು. ಸಾಮಾನ್ಯ ಹೆಡ್‌ಫೋನಿಗೆ ಅಷ್ಟು ಧಾರಾಳವಾಯಿತು. ಒಳಬರುವ ದಾರಿಯಲ್ಲಿ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮತ್ತು 100 ಕಿಲೋ ಓಮ್ ರೋಧಕ ಸೇರಿ ಸುಮಾರು 16 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುತ್ತವೆ. ನಮ್ಮ ಕಿವಿಯ ಕೆಳಮಿತಿ 20 ಹರ್ಟ್ಸ್ ಆದ್ದರಿಂದ ಸಂಗೀತಕ್ಕೆ ನಷ್ಟವಿಲ್ಲ.

ಇನ್ನೊಂದು ಜಾಣತನ ನೋಡಿ. ಶಬ್ದದ ಅಲೆ ಸೊನ್ನೆಯ ಮೇಲೂ ಕೆಳಗೂ ತೂಗಬೇಕು. ಆದರೆ ನಮ್ಮಲ್ಲಿರುವುದು 9 ವೋಲ್ಟಿನ ಒಂದೇ ಬ್ಯಾಟರಿ. ಅದರ ಎರಡು ತುದಿಗಳ ನಡುವೆ 4.7 ಕಿಲೋ ಓಮ್‌ನ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಸಮಾಂತರವಾಗಿ 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ನಡುಬಿಂದುವೇ ನಮ್ಮ ‘ಸೊನ್ನೆ’ ಆಗುತ್ತದೆ. ಮೇಲೆ 4.5, ಕೆಳಗೆ 4.5.

ನಾನು ಎಡವಿದ್ದು ಇಲ್ಲೇ. ಹೆಡ್‌ಫೋನ್ ಸಾಕೆಟ್ಟಿನ ಲೋಹ ಪೆಟ್ಟಿಗೆಗೆ ತಾಗುವುದರಿಂದ ತಗಡೆಲ್ಲವೂ ಆ ನಡುಬಿಂದುವಾಗಿರುತ್ತದೆ. ನನ್ನ ಮೊದಲ ಪೆಟ್ಟಿಗೆಯಲ್ಲಿ ಬ್ಯಾಟರಿಯ ಋಣ ತಂತಿ ಮುಚ್ಚಳಕ್ಕೆ ತಾಗಿ ಕೆಳಗಿನ ಅರ್ಧವೇ ಮಾಯವಾಯಿತು. ಹಾಡಿನ ಬದಲು ಕರ್ಕಶ ಸದ್ದು ಕೇಳಿತು, ನೇರ ವಿದ್ಯುತ್ತು ಹೆಡ್‌ಫೋನಿಗೆ ಹರಿಯಿತು. ಅದು ಹಳೆಯದಾಗಿದ್ದುದು ನನ್ನ ಪುಣ್ಯ. ಆದ್ದರಿಂದ ಪೆಟ್ಟಿಗೆಯ ಒಳಮೈಗೆ ದಪ್ಪ ರಟ್ಟು ಅಂಟಿಸಿ. ಬ್ಯಾಟರಿ ಸುಮಾರು 17.5 ಮಿಲಿಮೀಟರ್ ದಪ್ಪವಿರುತ್ತದೆ. ರಂಧ್ರ ಕೊರೆಯುವ ಮೊದಲೇ ಮುಚ್ಚಳ ಮುಚ್ಚಿ ಅಳತೆ ನೋಡಿ. ಮನೆಯ 230 ವೋಲ್ಟ್ ವಿದ್ಯುತ್ತಿನ ಸಹವಾಸ ಬೇಡವೇ ಬೇಡ.

ಬೆಸುಗೆ ಮುಗಿದೊಡನೆ ಹೆಡ್‌ಫೋನ್ ಸಿಕ್ಕಿಸುವ ಆತುರ ಬೇಡ. ಮೊದಲು ಮಲ್ಟಿಮೀಟರಿನಿಂದ ನಡುಬಿಂದುವಿಗೂ ಪ್ರತಿಯೊಂದು ಹೊರದಾರಿಗೂ ನಡುವಿನ ಡಿ.ಸಿ. ವೋಲ್ಟೇಜನ್ನು ಅಳೆಯಿರಿ. 20 ಮಿಲಿವೋಲ್ಟ್ ಮೀರಿದರೆ ಎಲ್ಲೋ ತಪ್ಪಾಗಿದೆ, ಹುಡುಕಿ ಸರಿಪಡಿಸಿ.

ಕೊನೆಯ ಮಾತು ನಿಮ್ಮ ಕಿವಿಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಸುಟ್ಟ ಐ.ಸಿ.ಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮತ್ತೆ ತರಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಾಲ್ಯೂಮ್ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ, ಆಮೇಲೆ ಹೆಡ್‌ಫೋನನ್ನು ಕಿವಿಗಿಡಿ. ನಿಧಾನವಾಗಿ ತಿರುಗಿಸಿ. ನೀವೇ ಕಟ್ಟಿದ ಪೆಟ್ಟಿಗೆಯಿಂದ ಬರುವ ಮೊದಲ ಹಾಡು ಬಹುಕಾಲ ನೆನಪಿನಲ್ಲಿರುತ್ತದೆ.