ಮನೇಲಿ ಮರಗೆಲಸಕ್ಕೆ ಸ್ಕ್ರೋಲ್ ಸಾ ತಗೋತೀರಾ? ದುಡ್ಡು ಕೊಡೋ ಮೊದಲು ಬ್ಲೇಡ್ ಹಿಡಿಯೋ ಜಾಗ ನೋಡಿ

ಚನ್ನಪಟ್ಟಣ: ನಮ್ಮೂರಲ್ಲಿ ಮರಗೆಲಸ ಅಂದರೆ ಲೇತು. ಆಲೆ ಮರದ ತುಂಡು ತಿರುಗಿಸಿ, ಉಳಿ ಹಿಡಿದು, ಅರಗಿನ ಬಣ್ಣ ಒತ್ತಿದರೆ ಗೊಂಬೆ ರೆಡಿ. ಆದರೆ ಲೇತಿನಲ್ಲಿ ಗುಂಡಗಿರೋದು ಮಾತ್ರ ಆಗುತ್ತೆ. ಬಾಗಿಲಿಗೆ ಹಾಕೋ ಹೆಸರಿನ ಅಕ್ಷರ, ಮಕ್ಕಳ ಪಝಲ್, ಆನೆ ಆಕಾರದ ಕೀ ಸ್ಟ್ಯಾಂಡ್, ದೇವರ ಮಂಟಪದ ಜಾಲರಿ ಇಂಥ ಚಪ್ಪಟೆ ಕೆಲಸಕ್ಕೆ ಬೇಕಾಗೋದು ಸ್ಕ್ರೋಲ್ ಸಾ ಎಂಬ ಸಣ್ಣ ಗರಗಸದ ಮಿಷನ್. ಮನೆಯ ಮೂಲೆಯಲ್ಲಿ, ಟೇಬಲ್ ಮೇಲೆ ಇಟ್ಟುಕೊಂಡು ಮಾಡಬಹುದಾದ ಕೆಲಸ. ಹಾಗಾಗಿ ಆನ್‌ಲೈನ್‌ನಲ್ಲಿ ನೋಡಿ ‘ಇದನ್ನ ತಗೊಳ್ಳಲಾ?’ ಅಂತ ಕೇಳೋರು ಜಾಸ್ತಿ ಆಗಿದ್ದಾರೆ. ಹತ್ತು ಸಾವಿರಕ್ಕೂ ಮೇಲೆ ಕೈಬಿಡೋ ಸಾಮಾನು. ತಪ್ಪು ಆರಿಸಿದರೆ ಮೂಲೆಗೆ ಸೇರುತ್ತೆ.

ಇದನ್ನ ಹೇಳೋಕೆ ನನಗೆ ಹಕ್ಕಿದೆ, ಯಾಕಂದ್ರೆ ನಾನೇ ತಪ್ಪು ಆರಿಸಿದ್ದೆ. ಮೊದಲ ಮಿಷನ್ ತಗೊಳ್ಳುವಾಗ ನಾನು ನೋಡಿದ್ದು ಬೆಲೆ, ವ್ಯಾಟು, ಫೋಟೊ ಅಷ್ಟೇ. ಅದರಲ್ಲಿ ಪಕ್ಕದ ಮನೆಯವರ ‘ರಂಗನಾಥ ನಿಲಯ’ ಬೋರ್ಡು ಕೊಯ್ಯೋಕೆ ಕೂತೆ. ಎರಡು ಇಂಚಿನ ಅಕ್ಷರ, ಮುಕ್ಕಾಲು ಇಂಚು ದಪ್ಪದ ತೇಗ. ಹೊರಗಿನ ಅಂಚು ಚೆನ್ನಾಗೇ ಬಂತು. ಸೊನ್ನೆಯ ಒಳಗಿನ ತೂತಿಗೆ ಬಂದಾಗ ಕೆಲಸ ನಿಂತುಹೋಯ್ತು. ಆ ಮಿಷನ್‌ಗೆ ತುದಿಯಲ್ಲಿ ಅಡ್ಡ ಪಿನ್ ಇರೋ ಬ್ಲೇಡೇ ಬೇಕು. ಆ ಪಿನ್ ಒಳಗೆ ಹೋಗಬೇಕಾದರೆ 5–6 ಮಿ.ಮೀ. ತೂತು ಕೊರೀಬೇಕು. ಸೊನ್ನೆಯ ಒಳಗೆ ಇದ್ದ ಜಾಗವೇ 8 ಮಿ.ಮೀ. ತೂತು ಕೊರೆಯುವಾಗ ಡ್ರಿಲ್ ಒಂಚೂರು ಜಾರಿತು, ಸೊನ್ನೆ ಸೀಳಿತು. ಮಾರಿದವರಿಗೆ ಫೋನ್ ಮಾಡಿದರೆ ‘ಸಾರ್, ವಾಪಸ್ ತಗೊಳ್ಳೋ ದಿನ ಮುಗೀತು’ ಅಂದರು.

ಸ್ಕ್ರೋಲ್ ಸಾ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬಡಗಿಗಳ ಹತ್ತಿರ ಇರೋ ಜಿಗ್ ಸಾ ಮಿಷನ್‌ನ ಕೈಯಲ್ಲಿ ಹಿಡಿದು ಹಲಗೆ ಮೇಲೆ ಓಡಿಸ್ತಾರೆ, ಅದರ ಬ್ಲೇಡಿಗೆ ಒಂದೇ ಕಡೆ ಹಿಡಿತ. ಸ್ಕ್ರೋಲ್ ಸಾದಲ್ಲಿ ಮಿಷನ್ ನಿಂತಿರುತ್ತೆ, ಮರವನ್ನ ನಾವು ತಿರುಗಿಸಬೇಕು. ಬ್ಲೇಡಿನ ಮೇಲೂ ಕೆಳಗೂ ಹಿಡಿತ ಇರುತ್ತೆ. ಮುಕ್ಕಾಲು ಇಂಚಿನಷ್ಟು ಮೇಲೆ ಕೆಳಗೆ ಆಡ್ತಾ ಕೊಯ್ಯುತ್ತೆ. ಬ್ಲೇಡು ದಾರದ ಹಾಗೆ ಸಣ್ಣ ಇರೋದರಿಂದ ಎಂಥ ತಿರುವನ್ನೂ ತಗೊಳ್ಳುತ್ತೆ. ಉದ್ದದ ನೇರ ಗೆರೆ ಕೊಯ್ಯೋಕೆ, ಪ್ಲೈವುಡ್ ಶೀಟು ಸೀಳೋಕೆ ಇದು ಆಗೋದಿಲ್ಲ. ಎರಡು ಇಂಚು ದಪ್ಪ ಕೊಯ್ಯುತ್ತೆ ಅಂತ ಡಬ್ಬದ ಮೇಲೆ ಬರೆದಿರ್ತಾರೆ. ದಿನಾ ಮಾಡೋ ಕೆಲಸಕ್ಕೆ ಒಂದು ಇಂಚಿನ ಒಳಗೇ ಇರಿ.

ಪಿನ್ ಇದೆಯಾ, ಇಲ್ವಾ?

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಪಿನ್ ಇಲ್ಲದ ಬ್ಲೇಡಿನ ಎರಡು ತುದಿಯೂ ಸಪಾಟು, ಒಂದು ಒಂದೂವರೆ ಮಿ.ಮೀ. ತೂತಿನಲ್ಲಿ ತೂರಿಹೋಗುತ್ತೆ. ನಮ್ಮ ಕನ್ನಡ ಅಕ್ಷರಕ್ಕೆ ಇದು ಬೇಕೇ ಬೇಕು. ರ, ಠ, ಸೊನ್ನೆ ಎಲ್ಲದಕ್ಕೂ ಹೊಟ್ಟೆ ಇದೆ. ಇಂಗ್ಲಿಷಿನ ಎಲ್, ಟಿ, ಎಂ ಥರ ಹೊರಗಿಂದ ಸುತ್ತಿಬಂದರೆ ಮುಗಿಯೋದಿಲ್ಲ. (ಠ ಒಳಗಿನ ಚುಕ್ಕೆ ಬೇರೆ ಆಗಿ ಬಿದ್ದುಹೋಗುತ್ತೆ, ಹಿಂದೆ ಒಂದು ಹಲಗೆಗೆ ಅಂಟಿಸಲೇಬೇಕು. ಮೊದಲ ಸಲ ಎಲ್ಲರೂ ಮರೆಯೋದು ಇದನ್ನೇ.)

‘ಎರಡೂ ಬ್ಲೇಡ್ ಹಾಕಬಹುದು ಸಾರ್’ ಅಂತ ಅಂಗಡಿಯವರು ಹೇಳಿದರೆ ಅಲ್ಲಿಗೇ ಬಿಡಬೇಡಿ. ಹೇಗೆ ಹಾಕೋದು ಅಂತ ಕೈಯಲ್ಲಿ ಮಾಡಿ ತೋರಿಸೋಕೆ ಹೇಳಿ. ಕೆಲವು ಮಿಷನ್‌ಗಳಲ್ಲಿ ಪಿನ್ ಇಲ್ಲದ ಬ್ಲೇಡಿಗೆ ಪ್ರತ್ಯೇಕ ಸಣ್ಣ ಕ್ಲಾಂಪು ಕೊಟ್ಟಿರ್ತಾರೆ, ಪ್ರತಿ ಸಲ ಆಲನ್ ಕೀ ಹಾಕಿ ಬಿಗೀಬೇಕು. ಇನ್ನು ಕೆಲವದರಲ್ಲಿ ಬೆರಳಲ್ಲೇ ತಿರುಗಿಸೋ ಸ್ಕ್ರೂ ಇರುತ್ತೆ. ಒಂದು ಜಾಲರಿಯಲ್ಲಿ 60 ಕಿಂಡಿ ಇದ್ದರೆ 60 ಸಲ ಬ್ಲೇಡಿನ ಮೇಲಿನ ತುದಿ ಬಿಚ್ಚಿ, ತೂತಿಗೆ ಪೋಣಿಸಿ, ಮತ್ತೆ ಬಿಗೀಬೇಕು. ಸಲಕ್ಕೆ ಒಂದೂವರೆ ನಿಮಿಷ ಅಂದರೆ ಒಂದೂವರೆ ಗಂಟೆ ಬರೀ ಬಿಗಿಯೋದೇ ಆಯ್ತು. 20 ಸೆಕೆಂಡ್‌ನಲ್ಲಿ ಆಗೋ ಹಾಗಿದ್ದರೆ 20 ನಿಮಿಷ. ಮಿಷನ್ನಿನ ಮೇಲಿನ ತೋಳು ಎತ್ತಿ ನಿಲ್ಲಿಸೋಕೆ ಬಂದರೆ ಪೋಣಿಸೋದು ಇನ್ನೂ ಸಲೀಸು. ದುಬಾರಿ ಮಿಷನ್‌ಗೂ ಅಗ್ಗದ್ದಕ್ಕೂ ನನಗೆ ಕಂಡ ದೊಡ್ಡ ವ್ಯತ್ಯಾಸ ಇದೇ.

ಪಝಲ್ ಮಾತ್ರ ಮಾಡ್ತೀನಿ ಅನ್ನೋರಿಗೆ ಪಿನ್ ಬ್ಲೇಡಿನ ಮಿಷನ್ನೂ ನಡೆಯುತ್ತೆ. ಅಂಚಿನಿಂದ ಒಳಗೆ ಹೋಗಿ ಅಂಚಿಗೆ ಬರೋ ಕೆಲಸ ಅದು, ತೂತು ಬೇಡ. ನನ್ನ ಹಳೇ ಮಿಷನ್‌ನಲ್ಲಿ ಈಗ ಕರ್ನಾಟಕದ ನಕ್ಷೆಯ ಪಝಲ್ ಕೊಯ್ತೀನಿ, 31 ಜಿಲ್ಲೆ, 31 ತುಂಡು. ಹೋದ ವರ್ಷದ ಸ್ಟಾಕಿನಲ್ಲಿ ನಮ್ಮ ಜಿಲ್ಲೆಯ ತುಂಡಿನ ಮೇಲೆ ‘ರಾಮನಗರ’ ಅಂತ ಇದೆ, ಹೊಸದರಲ್ಲಿ ‘ಬೆಂಗಳೂರು ದಕ್ಷಿಣ’ ಅಂತ ಬರೆಯೋಕೆ ಜಾಗ ಸಾಲ್ತಿಲ್ಲ. ಅದು ಬೇರೆ ಕತೆ.

ನಡುಗೋ ಮಿಷನ್ ಬೇಡ

ಎರಡನೇದು ನಡುಕ. ಮಿಷನ್ ನಡುಗಿದರೆ ಗೆರೆಯೂ ನಡುಗುತ್ತೆ, ಅರ್ಧ ಗಂಟೆಗೆ ಕೈ ಜೋಮು ಹಿಡಿಯುತ್ತೆ. ಅಂಗಡಿಯಲ್ಲಿ ಸ್ವಿಚ್ ಹಾಕಿಸಿ, ಮಿಷನ್ ಟೇಬಲ್ ಮೇಲೆ ಒಂದು ದಪ್ಪ ಐದು ರೂಪಾಯಿ ನಾಣ್ಯವನ್ನ ಅಂಚಿನ ಮೇಲೆ ನಿಲ್ಲಿಸಿ ನೋಡಿ. ನಿಧಾನ ಸ್ಪೀಡಿನಲ್ಲಾದರೂ ಅದು ನಿಲ್ಲಬೇಕು. ಜೋರು ಮಾಡಿದಾಗ ಬಿದ್ದರೆ ತಕ್ಷಣ ಬೇಡ ಅನ್ನಬೇಡಿ, ಗಟ್ಟಿ ಬೆಂಚಿಗೆ ಬೋಲ್ಟ್ ಹಾಕಿ, ಕೆಳಗೆ ರಬ್ಬರ್ ಮ್ಯಾಟ್ ಕೊಟ್ಟರೆ ಎಷ್ಟೋ ಕಡಿಮೆ ಆಗುತ್ತೆ. ತೂಕ ಜಾಸ್ತಿ ಇರೋ, ಬುಡ ಎರಕದ ಕಬ್ಬಿಣದ್ದಾಗಿರೋ ಮಿಷನ್ ಒಳ್ಳೇದು. ಹಗುರ ಇದೆ, ಎತ್ತಿಡೋಕೆ ಸುಲಭ ಅನ್ನೋದು ಈ ಮಿಷನ್ ವಿಷಯದಲ್ಲಿ ಗುಣ ಅಲ್ಲ.

ಸ್ಪೀಡ್ ಹೆಚ್ಚು ಕಡಿಮೆ ಮಾಡೋ ನಾಬ್ ಇರಲೇಬೇಕು. ಸಾಮಾನ್ಯವಾಗಿ ನಿಮಿಷಕ್ಕೆ 400ರಿಂದ 1600 ಸಲ ಆಡೋ ಹಾಗಿರುತ್ತೆ. ಮೆತ್ತನೆ ಮರಕ್ಕೆ ಜೋರು ನಡೆಯುತ್ತೆ. ಬೀಟೆಯಂಥ ಗಟ್ಟಿ ಮರ ಜೋರಿನಲ್ಲಿ ಸುಟ್ಟು ಕಪ್ಪಾಗುತ್ತೆ. ಅಕ್ರಿಲಿಕ್ ಕರಗಿ ಬ್ಲೇಡಿನ ಹಿಂದೆ ಮತ್ತೆ ಅಂಟಿಕೊಳ್ಳುತ್ತೆ.

ಎಷ್ಟು ಇಂಚಿನದ್ದು ಅನ್ನೋದರ ಬಗ್ಗೆ ಜನ ತಲೆ ಕೆಡಿಸಿಕೊಳ್ಳೋದು ಜಾಸ್ತಿ, ಅಷ್ಟು ಬೇಡ. 16 ಇಂಚು ಅಂದರೆ ಬ್ಲೇಡಿನಿಂದ ಹಿಂದಿನ ಕಂಬದ ತನಕ ಇರೋ ಜಾಗ. ಮನೆ ಕೆಲಸಕ್ಕೆ ಧಾರಾಳ ಸಾಕು. ವ್ಯಾಟ್ ಕೂಡ ಹಾಗೇ, ಈ ಮಿಷನ್‌ಗಳು 100 ವ್ಯಾಟ್ ಆಸುಪಾಸಿನವು, ಮನೆಯ ಮಾಮೂಲಿ ಪ್ಲಗ್ ಸಾಕು.

ಅಮೆರಿಕದಲ್ಲಿರೋ ಅಣ್ಣನೋ ಭಾವನೋ ತಂದುಕೊಡ್ತೀನಿ ಅಂದರೆ ಮಾತ್ರ ಯೋಚನೆ ಮಾಡಿ. ಅಲ್ಲಿನ ಡಿವಾಲ್ಟ್ ಡಿಡಬ್ಲ್ಯು 788 ಥರದ 20 ಇಂಚಿನ ಮಿಷನ್ ತುಂಬಾ ಒಳ್ಳೇದು, ಅನುಮಾನ ಇಲ್ಲ. ಆದರೆ ಅದು 120 ವೋಲ್ಟಿನದ್ದು. ಪ್ಲಗ್ಗಿಗೆ ಅಡಾಪ್ಟರ್ ಹಾಕಿ ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಕೆಟ್ಟರೆ ಬಿಡಿಭಾಗ ಇಲ್ಲಿ ಹುಡುಕಬೇಕು. ತಂದುಕೊಡೋ ಪ್ರೀತಿಗೆ ಬ್ಲೇಡ್ ತರೋಕೆ ಹೇಳಿ. ಹಗುರ, ಉಪಯೋಗಕ್ಕೂ ಬರುತ್ತೆ.

ಬ್ಲೇಡು ಅಂದರೆ ದಿನಸಿ ಇದ್ದ ಹಾಗೆ

ಮುಗಿದಂತೆ ತರ್ತಾ ಇರಬೇಕು. ಗಟ್ಟಿ ಮರದಲ್ಲಿ ಒಂದು ಬ್ಲೇಡು ಅರ್ಧ ಗಂಟೆಗೇ ಮೊಂಡಾಗಬಹುದು. ಡಜನ್ ಲೆಕ್ಕದಲ್ಲಿ ಸಿಗುತ್ತೆ. 5 ಇಂಚಿನ ಬ್ಲೇಡ್ ತಗೊಳ್ಳೋ ಮಿಷನ್ನೇ ಆರಿಸಿ, ಅದು ಎಲ್ಲ ಕಡೆ ನಡೆಯೋ ಅಳತೆ. ನಂಬರ್ ಹೆಚ್ಚಾದಷ್ಟು ಬ್ಲೇಡು ದಪ್ಪ: ತೆಳು ಪ್ಲೈವುಡ್‌ನ ಸೂಕ್ಷ್ಮ ಕೆಲಸಕ್ಕೆ 1 ಅಥವಾ 3, ಮುಕ್ಕಾಲು ಇಂಚಿನ ಮರಕ್ಕೆ 5 ಅಥವಾ 7. ತಾಲ್ಲೂಕಿನ ಹಾರ್ಡ್‌ವೇರ್ ಅಂಗಡಿಯವರು ಇದನ್ನ ಓದ್ತಿದ್ದರೆ ಒಂದು ಮಾತು: ಮಿಷನ್ ಇಡದಿದ್ದರೂ ಪರವಾಗಿಲ್ಲ, 3, 5, 7ನೇ ನಂಬರಿನ ಬ್ಲೇಡ್ ನಾಲ್ಕು ಡಜನ್ ಇಟ್ಟುಕೊಳ್ಳಿ. ಆರು ಬ್ಲೇಡಿಗೋಸ್ಕರ ಬೆಂಗಳೂರಿಗೆ ಬಸ್ ಹತ್ತೋದು ತಪ್ಪುತ್ತೆ.

ಹೊಸಬರು ಮಿಷನ್ ಕೆಟ್ಟಿದೆ ಅಂತ ಬೈಯೋದು ಎರಡು ಕಾರಣಕ್ಕೆ. ಒಂದು, ಬ್ಲೇಡ್ ತಲೆಕೆಳಗೆ ಹಾಕಿರ್ತಾರೆ. ಹಲ್ಲು ಕೆಳಗೆ ನೋಡಬೇಕು, ಬೆರಳು ಸವರಿದರೆ ಗೊತ್ತಾಗುತ್ತೆ. ಇನ್ನೊಂದು, ಗೆರೆ ಮೇಲೆ ನೇರ ತಳ್ಳಿದರೂ ಬ್ಲೇಡು ಒಂದು ಪಕ್ಕಕ್ಕೆ ಎಳೆಯುತ್ತೆ. ಬ್ಲೇಡ್ ತಯಾರಾಗುವಾಗ ಒಂದು ಬದಿ ಸ್ವಲ್ಪ ಒರಟು ಉಳಿಯುತ್ತೆ, ಅದಕ್ಕೆ ಹೀಗೆ. ಮರವನ್ನ ಒಂಚೂರು ಓರೆ ಹಿಡಿದು ತಳ್ಳೋದು ನಾಲ್ಕು ದಿನಕ್ಕೆ ಕೈಗೆ ಕೂರುತ್ತೆ.

ಟೇಬಲ್ ಸಾಗೆ ಹೋಲಿಸಿದರೆ ಇದು ಸಾಧು ಮಿಷನ್. ಹಾಗಂತ ಬೆರಳನ್ನ ಬ್ಲೇಡಿನ ಎದುರು ಇಡಬೇಡಿ. ಬೆರಳಿಗಿಂತ ಜನ ಅಲಕ್ಷ್ಯ ಮಾಡೋದು ಧೂಳು. ಇದರ ಧೂಳು ಹಿಟ್ಟಿನ ಹಾಗೆ ಸಣ್ಣ, ಊದೋ ಪೈಪು ಅದನ್ನ ಗೆರೆ ಮೇಲಿಂದ ತೆಗೆದು ನಿಮ್ಮ ಮುಖಕ್ಕೇ ಕಳಿಸುತ್ತೆ. ಮರದ ಧೂಳನ್ನ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಕರ್ಚೀಫು ಸಾಲದು, ಎನ್95 ಮಾಸ್ಕ್ ಹಾಕಿ. ಮಕ್ಕಳು ಮಲಗೋ ಕೋಣೆಯಲ್ಲಿ ಮಿಷನ್ ಇಡಬೇಡಿ.

ತಗೊಳ್ಳಲೇಬೇಕಾ?

ಪೇಟೆಯಲ್ಲಿ ಲೇಸರ್ ಕಟಿಂಗ್ ಬಂದಿದೆ. 3 ಮಿ.ಮೀ. ಎಂಡಿಎಫ್‌ನಲ್ಲಿ ಹೆಸರು ಬೇಕು ಅಂದರೆ ನಾವು ಬ್ಲೇಡ್ ಪೋಣಿಸೋ ಹೊತ್ತಿಗೆ ಅವರು ಹತ್ತು ಮಾಡಿ ಇಟ್ಟಿರ್ತಾರೆ. ಅವರ ಜೊತೆ ರೇಟಿನಲ್ಲಿ ಪೈಪೋಟಿ ಮಾಡೋಕೆ ಅಂತ ಸ್ಕ್ರೋಲ್ ಸಾ ತಗೊಂಡರೆ ನಷ್ಟ. ನಮಗೆ ಉಳಿದಿರೋದು ದಪ್ಪ ಮರ. ಮುಕ್ಕಾಲು ಇಂಚಿನ ತೇಗ, ಹಲಸು, ಆಲೆ ಮರದಲ್ಲಿ ಅಂಚು ಸುಡದೆ, ಮರದ ಬಣ್ಣ ಹಾಗೇ ಉಳಿಸಿ ಕೊಯ್ಯೋದು. ಆ ಕೆಲಸಕ್ಕೆ ಗಿರಾಕಿ ಇದ್ದಾರಾ ಅಂತ ಮೊದಲು ನಾಲ್ಕು ಅಂಗಡಿಯಲ್ಲಿ ವಿಚಾರಿಸಿ.

ಅನುಮಾನ ಇದ್ದರೆ ಕೈಯಲ್ಲಿ ಹಿಡಿಯೋ ಫ್ರೆಟ್ ಸಾ ಚೌಕಟ್ಟು ತಗೊಳ್ಳಿ, ಕೆಲವು ನೂರು ರೂಪಾಯಿ. ಅದಕ್ಕೂ ಪಿನ್ ಇಲ್ಲದ 5 ಇಂಚಿನ ಬ್ಲೇಡೇ ಬರುತ್ತೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಕ್ಕೆ ಸಣ್ಣ ಸಣ್ಣ ತುಂಡು ಕೊಯ್ಯೋ ಕುಶಲಕರ್ಮಿಗಳು ಬಳಸ್ತಾ ಬಂದಿರೋದು ಇಂಥ ಕೈಗರಗಸವನ್ನೇ. ಹತ್ತು ದಿನ ಕೊಯ್ದು ನೋಡಿ. ಬೇಜಾರಾದರೆ ಹತ್ತು ಸಾವಿರ ಉಳೀತು. ಇನ್ನೂ ಬೇಕು ಅನಿಸಿದರೆ ಅದೇ ಬ್ಲೇಡು ಮಿಷನ್‌ಗೂ ಬರುತ್ತೆ.

ಬಡಗಿಗಳು ಮತ್ತು ಗೊಂಬೆ ಮಾಡೋರು ಇನ್ನೊಂದು ವಿಷಯ ವಿಚಾರಿಸಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಈ ಎರಡೂ ಇವೆ. ತರಬೇತಿ ಇರುತ್ತೆ, ದಿನಕ್ಕೆ ₹500 ಭತ್ಯೆ. ಉಪಕರಣಕ್ಕೆ ₹15,000ದವರೆಗೆ ನೆರವು. ಬೇಕಾದವರಿಗೆ ಶೇ. 5 ಬಡ್ಡಿಯಲ್ಲಿ ಮೊದಲ ಕಂತು ₹1 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಸಿಎಸ್‌ಸಿ ಸೇವಾ ಕೇಂದ್ರದಲ್ಲಿ ಕೇಳಿ, ಮಿಷನ್ ಕೊಂಡಮೇಲೆ ಅಲ್ಲ, ಕೊಳ್ಳೋ ಮೊದಲು.

ಮಕ್ಕಳ ಪಝಲ್ ಮಾಡಿ ಮಾರ್ತೀನಿ ಅನ್ನೋರು, ಅದನ್ನ ತಂದು ಇಡೋ ಅಂಗಡಿಯವರು ಗಮನಿಸಬೇಕಾದ್ದು ಇದೆ. 14 ವರ್ಷದ ಒಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿದ್ದಕ್ಕೆ, ಜಿಐ ನೋಂದಣಿಯ ಅಧಿಕೃತ ಬಳಕೆದಾರರು ಮಾಡಿದ ಜಿಐ ವಸ್ತುವಿಗೆ ವಿನಾಯಿತಿ ಇದೆ. ‘ನಾವು ಚನ್ನಪಟ್ಟಣದವರು, ನಮ್ಮ ಗೊಂಬೆಗೆ ಜಿಐ ಇದೆ’ ಅನ್ನೋದು ಸಾಲದು, ಕಾರ್ಡು ನಿಮ್ಮ ಹೆಸರಿನಲ್ಲಿ ಇರಬೇಕು. ಹೆಸರಿನ ಬೋರ್ಡು, ಕೀ ಸ್ಟ್ಯಾಂಡು ಆಟಿಕೆ ಅಲ್ಲ, ಅದಕ್ಕೆ ಈ ತಲೆನೋವಿಲ್ಲ. ನನ್ನ ನಕ್ಷೆ ಪಝಲ್ ಸದ್ಯಕ್ಕೆ ನೆಂಟರ ಮಕ್ಕಳಿಗೆ ಮಾತ್ರ, ಕಾರ್ಡಿಗೆ ಅರ್ಜಿ ಹಾಕಿದ್ದೀನಿ.